ಮಳೆ ತೀರ್ಥಹಳ್ಳಿಯಲ್ಲಿ, ಸರ್ವರ್ ಮುಂಬೈಯಲ್ಲಿ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಇಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡೋದು ಅಂದ್ರೆ ಜಗಲಿಯ ಬಲಗಡೆ ಕಂಬಕ್ಕೆ ಒರಗಿ ಕೂರೋದು. ಎಡಗಡೆ ಕಂಬದ ಹತ್ತಿರ ಸಿಗ್ನಲ್ ಇಲ್ಲ.

ಜುಲೈ ತಿಂಗಳ ಒಂದು ಬೆಳಗ್ಗೆ ನಮ್ಮ ಆಪ್ ಆಟ ಶುರು ಮಾಡಿತು. ರಸೀದಿ ಪುಟ ಒಮ್ಮೆ ತಟ್ಟಂತ ಬರುತ್ತದೆ. ಇನ್ನೊಮ್ಮೆ ಒಂದು ನಿಮಿಷ ಸುತ್ತಿ ಸುತ್ತಿ ‘504 ಗೇಟ್‌ವೇ ಟೈಮ್‌ಔಟ್’ ಅನ್ನುತ್ತದೆ. ಪೂರ್ತಿ ಕೆಟ್ಟು ನಿಂತರೆ ರಿಪೇರಿ ಸುಲಭ. ಇದು ಸೋರುವ ಹೆಂಚು ಹುಡುಕಿದ ಹಾಗೆ. ಮಳೆ ಬರುವಾಗ ಹತ್ತೋಕಾಗಲ್ಲ, ಹತ್ತಿದಾಗ ಸೋರಲ್ಲ.

ಮ್ಯಾನೇಜರ್ ಫೋನ್ ಮಾಡಿದರು. “ನಿಮ್ಮಲ್ಲಿ ಮಳೆ ಜೋರಂತಲ್ಲ, ಅದಕ್ಕೇ ಇರಬೇಕು.”

“ಸರ್ವರ್ ಇರೋದು ಮುಂಬೈಯಲ್ಲಿ ಸಾರ್.”

“ಅಲ್ಲೂ ಮಳೆನೇ ಅಲ್ವಾ?”

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಸರ್ವರ್‌ನ ಮುಂಬಾಗಿಲಲ್ಲಿ ಕೂತ ಎಂಜಿನ್‌ಎಕ್ಸ್ ಅನ್ನೋ ಸಾಫ್ಟ್‌ವೇರ್ ಬಂದವರ ಮಾತನ್ನು ಒಳಗೆ ಮುಟ್ಟಿಸಿ 60 ಸೆಕೆಂಡ್ ಕಾಯುತ್ತದೆ. ಒಳಗಿಂದ ಸುದ್ದಿಯಿಲ್ಲದಿದ್ದರೆ 504 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನಾನು ಬುದ್ಧಿ ಉಪಯೋಗಿಸಿ 60 ಇದ್ದಿದ್ದನ್ನು 120 ಮಾಡಿದೆ. ಜನ ಎರಡು ನಿಮಿಷ ಕಾದು ಅದೇ 504 ನೋಡಿದರು.

ರೀಸ್ಟಾರ್ಟ್ ಮಾಡಿದರೆ ಮಾತ್ರ ಮೂರು ಗಂಟೆ ಮಹಾ ಸಾಧು. ಸರಿ, ಮೂರು ಗಂಟೆಗೊಮ್ಮೆ ಗುಳಿಗೆ ನುಂಗಿಸಿದ ಹಾಗೆ ರೀಸ್ಟಾರ್ಟ್. ರಾತ್ರಿಗೂ ಅಲಾರಂ ಇಟ್ಟೆ. ಎರಡನೇ ರಾತ್ರಿ ಅಮ್ಮ ಎದ್ದು ಬಂದರು. “ಎಂತದಾ, ಹಸುಗೂಸು ನೋಡಿಕೊಳ್ಳೋರ ಹಾಗೆ ಎದ್ದೆದ್ದು ಕೂರ್ತೀಯಲ್ಲ!”

ಮೂರನೇ ರಾತ್ರಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ 31 ಪರ್ಸೆಂಟ್ ಇತ್ತು. ಬೇರೆ ದಾರಿಯಿಲ್ಲದೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಓದಿದೆ.

ಆಪ್, ರಸೀದಿಗಳೆಲ್ಲ ಇರುವ ಡೇಟಾಬೇಸ್‌ಗೆ 20 ಕನೆಕ್ಷನ್ ತೆರೆದಿಟ್ಟುಕೊಂಡಿರುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯೋಕೆ ಎರವಲು ಹೋಗುವ ಮೆಟ್ಟುಗತ್ತಿ ಇದ್ದ ಹಾಗೆ. ಕೆಲಸ ಮುಗಿದ ಮೇಲೆ ವಾಪಸ್ ಬರಬೇಕು. ಯಾರಾದರೂ ಇಲ್ಲದ ನಂಬರಿನ ರಸೀದಿ ಕೇಳಿದರೆ ನಮ್ಮ ಕೋಡ್ ನಡುದಾರಿಯಲ್ಲಿ ಎಡವಿ, ಕತ್ತಿಯನ್ನು ಅಲ್ಲೇ ಬಿಟ್ಟು ಬರುತ್ತಿತ್ತು. ಇಪ್ಪತ್ತೂ ಹೋದ ಮೇಲೆ ಬಂದವರೆಲ್ಲ ಸುಮ್ನೆ ಕಾಯಬೇಕು. ಸರ್ವರ್ ಎರಡಿದ್ದವು, ಒಂದೊಂದಕ್ಕೂ ಅದರದೇ ಇಪ್ಪತ್ತು. ಒಂದರ ಕತ್ತಿ ಖಾಲಿ, ಇನ್ನೊಂದರಲ್ಲಿ ಉಳಿದಿದೆ. ಅದಕ್ಕೇ ಒಮ್ಮೆ ಬರುತ್ತೆ, ಒಮ್ಮೆ ಇಲ್ಲ.

ಎಡವಿದರೂ ವಾಪಸ್ ಇಟ್ಟೇ ಹೋಗು ಅನ್ನುವ ಒಂದು ಸಾಲು ಸೇರಿಸಿದೆ. ಅಷ್ಟೇ. ಈ ಕೋಡ್ ಬರೆದ ಪುಣ್ಯಾತ್ಮ ಯಾರು ಅಂತ ಯಾವ ಸಾಲು ಯಾರದ್ದು ಅಂತ ಲೆಕ್ಕ ಇಡುವ ಗಿಟ್‌ನಲ್ಲಿ ನೋಡಿದೆ. ನನ್ನದೇ ಹೆಸರು. ಹೋದ ವರ್ಷದ ಮಳೆಗಾಲದ್ದು.

ಬೆಳಗ್ಗೆ ಮ್ಯಾನೇಜರಿಗೆ “ಸರಿಹೋಯ್ತು ಸಾರ್” ಅಂತ ಮೆಸೇಜ್ ಹಾಕಿ, ಕಾರಣ ಹೇಗೆ ಬರೆಯೋದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರದೇ ಬಂತು: “ಗುಡ್. ಮಳೆ ನಿಂತಿತಾ?”

ಅಂಗಳದಲ್ಲಿ ಎದುರಿನ ತೆಂಗಿನ ಮರ ಕಾಣದ ಹಾಗೆ ಹೊಯ್ಯುತ್ತಿತ್ತು.

“ಸ್ವಲ್ಪ ಕಮ್ಮಿಯಾಗಿದೆ ಸಾರ್” ಅಂತ ಬರೆದೆ.