ಕೊರಡಿಗೆ ಕಾವಲು

ಹೋದ ವರ್ಷ ಮೇ ತಿಂಗಳ ಗಾಳಿಮಳೆಗೆ ಹಿತ್ತಲ ಮಾವಿನ ಕೊಂಬೆ ಮುರಿದು ಬಿತ್ತು. ನೀರೊಲೆಗೆ ಎಷ್ಟು ದಿನ ಬಂದೀತು ಎಂದು ಅಮ್ಮ ಲೆಕ್ಕ ಹಾಕುತ್ತಿರುವಾಗಲೇ ನಾನು ಮೂರು ಕೊರಡು ಕತ್ತರಿಸಿ ಎತ್ತಿಟ್ಟುಕೊಂಡೆ. ಅಣಬೆ ಬೆಳೀತೀನಿ ಅಂದೆ.

"ಚಿತ್ರದುರ್ಗದಾಗಾ?" ಅಂದರು ಅಮ್ಮ.

ಪ್ರಶ್ನೆ ಸರಿಯಾಗೇ ಇತ್ತು. ಜಪಾನಿನವರು ಓಕ್ ಜಾತಿಯ ಮರದ ತುಂಡುಗಳಲ್ಲಿ ಶಿಟಾಕೆ ಅಣಬೆ ಬೆಳೆಯುವುದು ತಂಪು ಕಾಡಿನ ನೆರಳಲ್ಲಿ. ನಮ್ಮಲ್ಲಿರುವುದು ಬಂಡೆ, ಬಿಸಿಲು, ಗಾಳಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ತಿರುಗಿಸಿದ ಗಾಳಿಯೇ ಹಿತ್ತಲಿಗಿಳಿದು ಕೊರಡಿನ ಹಸಿಯನ್ನೂ ಹೀರಿಕೊಂಡು ಹೋಗುತ್ತದೆ. ಶಿಟಾಕೆಯ ಆಸೆ ಬಿಟ್ಟು, ಸೆಕೆಗೆ ಅಷ್ಟಾಗಿ ಹೆದರದ ಚಿಪ್ಪಣಬೆ ಹಿಡಿದೆ. ಅದರ ಬೀಜ ಅಂದರೆ ಬೀಜವಲ್ಲ, ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿಸಿದ ಬಿಳಿ ಬೂಸ್ಟು. ಅಡುಗೆಮನೆಯಲ್ಲಿ ಕಂಡಿದ್ದರೆ ಅಮ್ಮ ತಿಪ್ಪೆಗೆ ಸುರಿಯುತ್ತಿದ್ದರು. ನಾನು ದುಡ್ಡು ಕೊಟ್ಟು ತಂದೆ.

ಡ್ರಿಲ್ಲಿಂಗ್ ಮಷಿನ್ ಕಡ ತಂದು ಆರಾರು ಇಂಚಿಗೆ ಒಂದೊಂದು ತೂತು ಕೊರೆದೆ, ಇಂಚು ಆಳ. ಹಸಿ ಹೊಟ್ಟು ಸುರುಳಿ ಸುರುಳಿಯಾಗಿ ಈಚೆ ಬರುವಾಗ ಮಾವಿನ ಸೊನೆಯ ವಾಸನೆ. ತೂತಿಗೆ ಕಾಳು ತುರುಕಿ ಮೇಲೊಂದು ಕರಗಿದ ಮೇಣದ ಬೊಟ್ಟು. ಮುಗಿಯುವ ಹೊತ್ತಿಗೆ ಮೂರೂ ಸಿಡುಬೆದ್ದ ಮಕ್ಕಳ ಹಾಗೆ ಮಲಗಿದ್ದವು.

ಆಮೇಲೆ ಕಾಯುವುದೇ ಕೆಲಸ. ಬಾಗಿಲು, ತೊಲೆ ಕೊಳೆಯದಿರಲೆಂದು ವರ್ಷವರ್ಷವೂ ಎಣ್ಣೆ ಬಳಿಯುವ ಮನೆಯಲ್ಲಿ, ಮರ ಕೊಳೆಯಲಿ ದೇವರೇ ಎಂದು ಬೇಡುವವನು ನಾನೊಬ್ಬ. ಒಳಗೆ ಅಣಬೆಯ ಬಿಳಿ ಎಳೆಗಳು ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ನನ್ನೇ ಕರಗಿಸಿ ತಿನ್ನುತ್ತಾ ಹಬ್ಬುತ್ತವೆ, ಹೊರಗೆ ಏನೂ ಕಾಣದು. ಸಂಜೆ ಕೊರಡಿಗೆ ಹೊದಿಸಿದ ಗೋಣಿಚೀಲಕ್ಕೆ ನೀರು ಚಿಮುಕಿಸುವಾಗ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ "ಚಿಗುರಿತಾ?" ಅನ್ನುತ್ತಿದ್ದರು.

ಮೊದಲು ಬಂದದ್ದು ಗೆದ್ದಲು. ಕೊರಡನ್ನು ಮಣ್ಣಿಗೆ ತಾಗಿಸಿ ಇಟ್ಟದ್ದು ನನ್ನದೇ ದಡ್ಡತನ. ಒಂದನ್ನು ಎತ್ತಿದರೆ ಬೆಂಡಿನಷ್ಟು ಹಗುರ. ಬೈಯೋಣವೆಂದರೆ, ಹುತ್ತದೊಳಗೆ ಅವೂ ಅಣಬೆ ತೋಟ ಮಾಡುತ್ತವೆ. ಮಳೆ ಬಿದ್ದಾಗ ಹುತ್ತದ ಮೇಲೇಳುವ, ನಾವು ಬಾಯಿ ಚಪ್ಪರಿಸುವ ಅಣಬೆ ಅವುಗಳದೇ ಬೆಳೆ. ಅವು ಕಸುಬುದಾರರು, ನಾನು ಭಾನುವಾರದ ಗಿರಾಕಿ.

ಉಳಿದೆರಡನ್ನು ಕಲ್ಲಿನ ಮೇಲೇರಿಸಿದೆ. ಈ ಆಷಾಢದಲ್ಲಿ ಒಂದು ಹಗಲು, ಒಂದು ರಾತ್ರಿ ತೊಟ್ಟಿಯಲ್ಲಿ ಮುಳುಗಿಸಿ, ತುದಿಗೆ ನಾಲ್ಕು ಏಟು ಬಿಗಿದೆ. ಪೆಟ್ಟು ಬಿದ್ದರೆ ಅಣಬೆಗೆ ಎಚ್ಚರವಾಗುತ್ತದೆಂದು ಜಪಾನಿನವರು ಕೊರಡು ಬಡಿಯುತ್ತಾರೆ. ಗುಡುಗಿಗೆ ಏಳುತ್ತದೆ ಅನ್ನುವವರು ನಾವು. ಸುತ್ತಿಗೆ ಸಿಗದೆ ಕೈಗೆ ಬಂದದ್ದು ಒನಕೆ. ದುರ್ಗದಲ್ಲಿ ಒನಕೆ ಎತ್ತಿದವರನ್ನು ಸುಮ್ಮನೆ ಬಿಡುತ್ತಾರೆಯೇ? "ಯಾವ ಕಿಂಡಿಯಾಗೆ ಬಂದ್ರು ಹೈದರಾಲಿ ಕಡೇರು?" ಅಂತ ಕಾಂಪೌಂಡಿನಿಂದ ದನಿ ಬಂತು.

ಆರನೇ ದಿನ ಒಂದು ತೂತಿನ ಪಕ್ಕ ಗುಂಡುಸೂಜಿ ತಲೆಯಂಥವು ಕಂಡವು. ಮತ್ತೆ ಮೂರು ದಿನಕ್ಕೆ ಒಂದರ ಮೇಲೊಂದು ಬೂದು ಚಿಪ್ಪು, ಅಡಿಯಲ್ಲಿ ತೊಟ್ಟಿನವರೆಗೂ ಇಳಿದ ತೆಳು ಮಡಿಕೆ. ಪಕ್ಕದಲ್ಲಿ ಗುರುತಿಲ್ಲದ ನಾಯಿಕೊಡೆಯೂ ಒಂದೆರಡು ಎದ್ದಿದ್ದವು, ಕಿತ್ತೆಸೆದೆ. ಆ ವಿಷಯದಲ್ಲಿ ಧೈರ್ಯ ತೋರಿಸಬಾರದು. ಉಳಿದದ್ದು ಒಂದು ಬೊಗಸೆ. ಐದು ಜನರ ಸಾರಿನಲ್ಲಿ ಸೌಟು ಹಾಕಿ ಹುಡುಕಬೇಕಾಯಿತು.

ಅಮ್ಮ ಮುದ್ದೆಯ ಜೊತೆ ಎರಡು ಚೂರು ನುಂಗಿ, ಇನ್ನೂ ಸುಮ್ಮನೆ ಮಲಗಿದ್ದ ಕೊರಡಿನ ಕಡೆ ನೋಡಿದರು.

"ಅದೇನ್ ಮಾಡ್ತೈತೆ?"

"ಕೊಳೀತಾ ಐತೆ."

"ಇರ್ಲಿ ಬಿಡು. ನೀರಿಗೆ ಬೇರೆ ಕಟ್ಟಿಗೆ ಹಾಕ್ತೀನಿ."