ಸತ್ಯಾಂಶ: ಮೆಟಾ ಅಧಿಕಾರಿ ಸೇನೆ ಸೇರಿದರೆ ನಮ್ಮ ವಾಟ್ಸಾಪ್ ಮೆಸೇಜು ಸೇನೆಗೆ ಸಿಗುತ್ತದೆಯೇ?

"ಮೆಟಾದ ಅಧಿಕಾರಿ ಅಮೆರಿಕದ ಸೇನೆ ಸೇರಿದ್ದಾರೆ, ಇನ್ನು ನಿಮ್ಮ ವಾಟ್ಸಾಪ್ ಮೆಸೇಜೆಲ್ಲ ಸೇನೆ ಓದುತ್ತದೆ" ಎಂಬ ಫಾರ್ವರ್ಡ್‌ನಲ್ಲಿ ಮೊದಲರ್ಧ ಮಾತ್ರ ನಿಜ. 2025ರ ಜೂನ್‌ನಲ್ಲಿ ವಾಟ್ಸಾಪ್‌ನ ಮಾತೃಸಂಸ್ಥೆ ಮೆಟಾದ ಆಂಡ್ರ್ಯೂ ಬಾಸ್ವರ್ತ್, ದತ್ತಾಂಶ ವಿಶ್ಲೇಷಣೆಯ ತಂತ್ರಾಂಶ ಮಾಡುವ ಪ್ಯಾಲಂಟಿರ್‌ನ ಶ್ಯಾಮ್ ಶಂಕರ್, ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐನ ಕೆವಿನ್ ವೀಲ್ ಸೇರಿ ನಾಲ್ವರು ಮೀಸಲು ಸೇನೆಯಲ್ಲಿ ನೇರವಾಗಿ ಲೆಫ್ಟಿನೆಂಟ್ ಕರ್ನಲ್‌ಗಳಾದರು. ಕೆಲಸ ಅರೆಕಾಲಿಕ ಸಲಹೆ.

ವಾಟ್ಸಾಪ್ ಮೆಸೇಜು ಗೂಢಲಿಪಿಯಲ್ಲಿ ಸಾಗುತ್ತದೆ; ಅದನ್ನು ಬಿಡಿಸುವ ಕೀ ಇರುವುದು ಕಳಿಸಿದವರ, ಪಡೆದವರ ಫೋನಿನಲ್ಲಿ. ಯಾರೋ ಸಮವಸ್ತ್ರ ತೊಟ್ಟ ಮಾತ್ರಕ್ಕೆ ಅದು ಸೇನೆಯ ಕೈ ಸೇರುವುದಿಲ್ಲ. ಆದರೆ ಯಾರು ಯಾರಿಗೆ, ಯಾವಾಗ ಕಳಿಸಿದರೆಂಬ ವಿವರಕ್ಕೆ ಅಷ್ಟು ಭದ್ರತೆಯಿಲ್ಲ, ಇದು ನೆನಪಿರಲಿ.

ನನ್ನನ್ನು ನಿಜಕ್ಕೂ ಕಾಡುವುದು ಬೇರೆ. ಸೇನೆಗೆ ಸಲಹೆ ಕೊಡುವವರ ಕಂಪನಿಗಳೇ ಸೇನೆಗೆ ಸರಕನ್ನೂ ಮಾರುತ್ತವೆ. ಅದೇ ತಿಂಗಳು ಓಪನ್‌ಎಐಗೆ ಅಮೆರಿಕದ ರಕ್ಷಣಾ ಇಲಾಖೆ 20 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟಿತು.