ಹನಿ ಹನಿ ಗೂಡಿದರೆ ಗ್ಯಾರೇಜ್ ಬಿಲ್ಲು

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋದ ವರ್ಷ ಹೊಸ ಬಣ್ಣ ಬಳಿಸಿದರು. ತಿಳಿ ಬೂದು, ಫಳಫಳ ಹೊಳೆಯುವ ನೆಲ. ವಾರ ಕಳೆಯುವಷ್ಟರಲ್ಲಿ ನನ್ನ ಕಾರಿನ ಕೆಳಗೆ ಒಂದು ಕಪ್ಪು ಹನಿ. ‘ಹೊಸ ನೆಲಕ್ಕೆ ಯಾರ ಕಣ್ಣೂ ಬೀಳದಿರಲಿ ಅಂತ ದೃಷ್ಟಿಬೊಟ್ಟು ಇಟ್ಟಿದೆ ಸಾರ್’ ಎಂದು ಅಸೋಸಿಯೇಷನ್ ಸೆಕ್ರೆಟರಿಗೆ ಹೇಳಿ ನೋಡಿದೆ. ಅವರು ನಗಲಿಲ್ಲ. ಫೋಟೊ ತೆಗೆದರು. ನಾನು ಲಿಫ್ಟ್ ಹತ್ತುವಷ್ಟರಲ್ಲಿ ಹನಿ ವಾಟ್ಸಾಪ್ ಗ್ರೂಪ್ ಸೇರಿ, ನನಗಿಂತ ಮೊದಲೇ ಮನೆ ತಲುಪಿತ್ತು.

ಸೋರುವ ಕಾರು ಇಟ್ಟುಕೊಂಡವರಿಗೆ ಬೆಳಗಿನ ಮೊದಲ ಕೆಲಸ ಕಾಫಿ ಅಲ್ಲ, ಬಗ್ಗುವುದು. ಮಂಡಿ ಊರಿ, ಮೊಬೈಲ್ ಟಾರ್ಚ್ ಹಿಡಿದು, ಹನಿಯನ್ನು ಬೆರಳಿಗೆ ತಾಗಿಸಿ ಮೂಸಬೇಕು. ಬಣ್ಣ ವಾಸನೆ ಎರಡೂ ಇಲ್ಲದಿದ್ದರೆ ಎಸಿ ನೀರು, ಬದುಕಿಕೊಂಡೆವು. ಕೆಂಪಿದ್ದರೆ ಸ್ಟಿಯರಿಂಗಿನದೋ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದೋ ಆಯಿಲ್. ಹಸಿರೋ ಗುಲಾಬಿಯೋ ಆಗಿ ಸಿಹಿ ವಾಸನೆ ಬಂದರೆ ಕೂಲಂಟ್. ಕಂದು ಕಪ್ಪಾಗಿ, ಬೆರಳ ಮಧ್ಯೆ ಜಾರಿದರೆ ಎಂಜಿನ್ ಆಯಿಲ್. ದಿನಾ ‘ದೇವರೇ, ಇವತ್ತೊಂದಿನ ಎಸಿ ನೀರಾಗಿರಲಿ’ ಅಂದುಕೊಂಡೇ ಬಗ್ಗುತ್ತೇನೆ. ಎಸಿ ಹಾಕಿ ವಾರವಾಗಿರುತ್ತದೆ, ಅದು ಬೇರೆ ಮಾತು.

ಕಾರು ಯಾವುದು ಅಂತ ಕೇಳಬೇಡಿ. ಹೆಸರು ಹೇಳಿದರೆ ನೆಂಟರು ಸಾಲ ಕೇಳಲು ಬರುತ್ತಾರೆ. ಇದು ಇಪ್ಪತ್ತು ವರ್ಷದ ಹತ್ತಿರದ ಗಾಡಿ, ನಾನು ಕೊಟ್ಟ ದುಡ್ಡು ಒಂದು ಹೊಸ ಎಸ್‌ಯುವಿಗಿಂತ ಕಮ್ಮಿ ಅಂದರೆ ಯಾರು ನಂಬುತ್ತಾರೆ? ಜರ್ಮನಿಯದು. ಎರಡೇ ಸೀಟು, ಬಟ್ಟೆಯ ಟಾಪು. ಎಂಜಿನ್ ಸೀಟಿನ ಬೆನ್ನಿಗೇ ಇದೆ. ಆರು ಸಿಲಿಂಡರ್, ಆ ಕಡೆ ಮೂರು ಈ ಕಡೆ ಮೂರು, ಎಲ್ಲವೂ ಅಡ್ಡಡ್ಡ ಮಲಗಿವೆ. ಆದರೆ ಅದನ್ನು ಕಣ್ಣಾರೆ ಕಂಡವರು ಕಮ್ಮಿ. ಆಯಿಲ್ ಹಾಕಲು ಒಂದು ಮುಚ್ಚಳ, ಕೂಲಂಟ್‌ಗೆ ಇನ್ನೊಂದು. ಮಾಲೀಕನಿಗೆ ದರ್ಶನ ಅಷ್ಟೇ. ಸಿಗ್ನಲ್ಲಿನಲ್ಲಿ ಹುಡುಗರು ‘ಬಾನೆಟ್ ತೆಗೀರಿ ಅಂಕಲ್, ಎಂಜಿನ್ ನೋಡ್ತೀವಿ’ ಅನ್ನುತ್ತಾರೆ. ಒಂದು ಸಲ ತೆಗೆದು ತೋರಿಸಿದೆ. ಒಳಗೆ ಎರಡು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಕುಂಬಳಕಾಯಿ ಇತ್ತು. ಮುಂದಿರುವುದು ಡಿಕ್ಕಿ.

ಮಾರಿದವರು ‘ತುಂಬಾ ಕಮ್ಮಿ ಓಡಿದೆ ಸಾರ್, ಬರೀ ನಿಲ್ಲಿಸಿಟ್ಟ ಗಾಡಿ’ ಎಂದು ಹೆಮ್ಮೆಯಿಂದ ಹೇಳಿದ್ದರು. ನಿಲ್ಲಿಸಿಟ್ಟ ಗಾಡಿಯಲ್ಲಿ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗುತ್ತವೆ. ಆಯಿಲ್ ಮುಟ್ಟಿಕೊಂಡು ತಿರುಗುತ್ತಿದ್ದರೇ ಅವು ಮೆತ್ತಗಿರುವುದು. ಹಾಗೆ ನೋಡಿದರೆ ಬೆಂಗಳೂರಿನ ಟ್ಯಾಕ್ಸಿಗಳ ಸೀಲು ನನ್ನ ಕಾರಿನದಕ್ಕಿಂತ ಆರೋಗ್ಯವಾಗಿರಬೇಕು.

ಮೆಕ್ಯಾನಿಕ್ ಹತ್ತಿರ ಹೋದರೆ ಒಂದೇ ಮಾತು: ‘ಇದು ಕಾಮನ್ ಸಾರ್.’ ಹನಿ ಬಿದ್ದರೂ ಕಾಮನ್, ಸುಟ್ಟ ವಾಸನೆ ಬಂದರೂ ಕಾಮನ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ಬುಸ್ಸೆಂದು ಹೊಗೆ ಬಂದರೂ ಕಾಮನ್. ಇದಕ್ಕೊಂದು ಕಾರಣವೂ ಇದೆಯಂತೆ. ಸಿಲಿಂಡರ್‌ಗಳು ಮಲಗಿರುವುದರಿಂದ ರಾತ್ರಿ ಸ್ವಲ್ಪ ಆಯಿಲ್ ಒಳಗೆ ಜಿನುಗಿ ನಿಲ್ಲುತ್ತದೆ, ಬೆಳಗ್ಗೆ ಅದು ಉರಿದು ಹೋಗುತ್ತದೆ. ನಮ್ಮ ಸೆಕ್ಯುರಿಟಿಯವನಿಗೆ ಈ ಕಾರಣ ಯಾರೂ ಹೇಳಿರಲಿಲ್ಲ. ಅವನು ಮರಳಿನ ಬಕೆಟ್ ಹಿಡಿದು ಓಡಿ ಬಂದ. ಟಾಪು ಬೇರೆ ತೆರೆದಿತ್ತು. ಸ್ವಲ್ಪದರಲ್ಲಿ ಉಳಿದುಕೊಂಡೆ.

ಸೋರುವ ಜಾಗವನ್ನು ಮೆಕ್ಯಾನಿಕ್ ಪತ್ತೆ ಮಾಡಿದ್ದಾನೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ, ಎಂಜಿನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಹೊರಬರುವ ಬಾಯಿಗೆ ಒಂದು ದುಂಡನೆಯ ಸೀಲ್ ಇದೆ. ನೋಡಲು ಬಳೆಯಷ್ಟೇ. ಬೆಲೆ ಸಾವಿರಗಳಲ್ಲಿ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಆ ಕೂಲಿ ಲಕ್ಷದ ಹೊಸ್ತಿಲಲ್ಲಿದೆ.

ಹಾಗಾಗಿ ನಾನು ಲೆಕ್ಕಕ್ಕೆ ಮೊರೆ ಹೋದೆ. ಆಸ್ಪತ್ರೆಯ ಡ್ರಿಪ್ಪಿನಲ್ಲಿ 20 ಹನಿಗೆ 1 ಎಂಎಲ್ ಎಂದು ಹಿಡಿಯುತ್ತಾರೆ. ಸಣ್ಣ ಕಾರುಗಳಿಗೆ 3 ಲೀಟರ್ ಆಸುಪಾಸು ಆಯಿಲ್ ಸಾಕು, ಈ ಮಹಾರಾಯನಿಗೆ 8 ಲೀಟರಿಗೂ ಜಾಸ್ತಿ. ಬರೀ 8 ಅಂತಿಟ್ಟರೂ 1,60,000 ಹನಿ. ರಾತ್ರಿಗೆ ಐದು ಹನಿ ಬಿದ್ದರೆ ಖಾಲಿಯಾಗಲು 87 ವರ್ಷ ಬೇಕು! ಈ ಸಂತೋಷವನ್ನು ಹೆಂಡತಿಗೆ ಹೇಳಿದೆ. ಅವಳು ಬೀನ್ಸ್ ಬಿಡಿಸುತ್ತಲೇ ‘ಅಷ್ಟು ಹೊತ್ತಿಗಾದ್ರೂ ಮಾರ್ತೀರಾ?’ ಅಂದಳು.

ಇದೆಲ್ಲ ತಡೆದುಕೊಳ್ಳಬಹುದು. ಮೂರನೇ ಮಹಡಿಯ ಅಂಕಲ್‌ರನ್ನು ಹೇಗೆ ತಡೆದುಕೊಳ್ಳುವುದು?

ಅವರು ರಿಟೈರ್ಡ್. ಪಾರ್ಕಿನಲ್ಲಿ ನಾಯಿ ಕಾಟ ಅಂತ ಬೇಸ್‌ಮೆಂಟಿನಲ್ಲೇ ವಾಕಿಂಗ್ ಮಾಡುತ್ತಾರೆ. ಒಂದೊಂದು ಸುತ್ತಿಗೂ ನನ್ನ ಕಾರಿನ ಹತ್ತಿರ ನಿಲ್ಲುತ್ತಾರೆ. ನಾನು ಸಿಕ್ಕಿದರೆ ದನಿ ತಗ್ಗಿಸಿ, ಐಸಿಯು ಬಾಗಿಲಲ್ಲಿ ಕೇಳುವವರ ಹಾಗೆ, ‘ರಾತ್ರಿ ಹೇಗಿತ್ತು?’ ಅನ್ನುತ್ತಾರೆ. ಹನಿ ಎಷ್ಟಗಲ ಹರಡಿದೆ ಎನ್ನುವುದಕ್ಕೆ ಜೇಬಿನಲ್ಲಿ ನಾಣ್ಯಗಳಿವೆ. ಪಕ್ಕದಲ್ಲಿ ಇಟ್ಟು ಅಳೆಯುತ್ತಾರೆ. ‘ನಿನ್ನೆ ಎರಡು ರೂಪಾಯಿ ಇತ್ತು, ಇವತ್ತು ಹತ್ತು ರೂಪಾಯಿ ಆಗಿದೆ ಕಣ್ರೀ.’ ಮೊದಲ ಸಲ ಕೇಳಿದಾಗ ಷೇರಿನ ವಿಷಯ ಅಂದುಕೊಂಡೆ.

ಆಮೇಲೆ ನೆಲ ಹಾಳಾಗಬಾರದೆಂದು ಕಾರಿನ ಕೆಳಗೆ ಪೇಪರ್ ಹಾಸುವ ಜವಾಬ್ದಾರಿಯನ್ನೂ ಅವರೇ ವಹಿಸಿಕೊಂಡರು. ನಾನು ಕೇಳಿರಲಿಲ್ಲ. ಯಾವುದೋ ಪೇಪರ್ ಹಾಸುವವರಲ್ಲ ಅವರು. ಹಿಂದಿನ ದಿನದ ಸುದ್ದಿ ಓದಿ, ಯಾವ ರಾಜಕಾರಣಿಯ ಮೇಲೆ ಸಿಟ್ಟು ಬಂದಿದೆಯೋ ಅವರ ಫೋಟೊ ಸರಿಯಾಗಿ ಹನಿ ಬೀಳುವ ಜಾಗಕ್ಕೆ ಬರುವಂತೆ ಹೊಂದಿಸುತ್ತಾರೆ. ಅದಕ್ಕಾಗಿ ಎಪ್ಪತ್ತು ದಾಟಿದ ಮನುಷ್ಯ ಹೊಟ್ಟೆ ಅಡಿಯಾಗಿ ಮಲಗಿ, ಊರುಗೋಲಿನ ತುದಿಯಲ್ಲಿ ಪೇಪರನ್ನು ಇಂಚಿಂಚು ತಳ್ಳುತ್ತಾರೆ. ಬೆಳಗ್ಗೆ ಹನಿ ಮೂಗಿನ ಮೇಲೆ ಬಿದ್ದಿದ್ದರೆ ಅವತ್ತು ಎರಡು ಸುತ್ತು ಜಾಸ್ತಿ ನಡೆಯುತ್ತಾರೆ. ಪಕ್ಷಭೇದ ಇಲ್ಲ, ಎಲ್ಲರಿಗೂ ಸರದಿ ಬಂದಿದೆ. ಬಜೆಟ್ಟಿನ ಮರುದಿನ ಮಾತ್ರ ನನ್ನನ್ನು ಕರೆದು ‘ಇವತ್ತು ಸ್ವಲ್ಪ ಜಾಸ್ತಿ ಸೋರೋ ಹಂಗೆ ಮಾಡಕ್ಕಾಗುತ್ತಾ?’ ಎಂದು ಕೇಳಿದರು.

ಮದ್ದೂ ಅವರ ಬಳಿ ಇದೆ. ಅವರ ಕಾಲದ ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಟ್ಯಾಂಕಿಗೆ ಕಲ್ಲು ಬಡಿದು ತೂತಾದಾಗ ಬಾರ್ ಸೋಪು ಉಜ್ಜಿ, ಶಿರಾಡಿ ಘಾಟಿ ಇಳಿದು, ಧರ್ಮಸ್ಥಳ ಮುಗಿಸಿ ವಾಪಸ್ ಬಂದಿದ್ದರಂತೆ. ನಿಜ ಇರಬಹುದು. ಆಗ ದಾರಿಯಲ್ಲಿ ಟ್ಯಾಂಕ್ ತೂತಾದರೆ ಸೋಪೇ ಗತಿ. ಆದರೆ ಇಲ್ಲಿ ಸೋರುತ್ತಿರುವುದು ಸುಡುವ ಆಯಿಲ್, ಅದೂ ಗೇರ್‌ಬಾಕ್ಸಿನ ಆಚೆ ಎಂದು ಎಷ್ಟು ಬಿಡಿಸಿ ಹೇಳಿದರೂ ‘ಪದ್ಮಿನಿನೂ ಬಿಸಿ ಆಗ್ತಿತ್ತು’ ಅಂದರು. ಭಾನುವಾರ ಬೆಳಗ್ಗೆ ಸ್ಟೀಲ್ ತಟ್ಟೆಯಲ್ಲಿ ನೀಲಿ ಸೋಪಿನ ತುಂಡು ಇಟ್ಟುಕೊಂಡು ಬಾಗಿಲು ತಟ್ಟಿದರು. ಹೆಂಡತಿ ಪ್ರಸಾದ ಅಂದುಕೊಂಡು ಕೈ ಒಡ್ಡಿದಳು.

ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀರಿ ಅಂತ ನೀವೂ ಕೇಳುತ್ತೀರಿ, ಅಲ್ವಾ? ಬೆಳಕು ಹರಿಯುವ ಮೊದಲು ದೇವನಹಳ್ಳಿ ದಾಟಿ ನಂದಿ ಕಡೆ ತಿರುಗಿದ ಮೇಲೆ, ಟಾಪು ಇಳಿಸಿ, ಮೂರನೇ ಗೇರಿನಲ್ಲಿ ಒಮ್ಮೆ ಎಳೆದರೆ ಕಿವಿಯ ಹಿಂದಿನಿಂದಲೇ ಆ ಆರು ಸಿಲಿಂಡರಿನ ದನಿ ಏರುತ್ತದಲ್ಲ, ಅದಕ್ಕೆ. ಎಂಟು ಗಂಟೆಗೆ ಹೆಬ್ಬಾಳದಲ್ಲಿ ಬಿಎಂಟಿಸಿ ಬಸ್ಸಿನ ಹಿಂದೆ ನಿಂತಿರುತ್ತೇನೆ ಎನ್ನುವುದು ಗೊತ್ತಿದ್ದೂ.

ಅಪ್ಪನ ಸ್ಕೂಟರಿನ ಕೆಳಗೂ ಒಂದು ಕಪ್ಪು ಕಲೆ ಇತ್ತು. ಟೂ ಸ್ಟ್ರೋಕ್ ಗಾಡಿ. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಕೊಡುತ್ತಿದ್ದರು, ಸುಡಲೆಂದೇ. ಬೆಳಗ್ಗೆ ಅಪ್ಪ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದು ಗಳಿಗೆ ಬಿಟ್ಟು, ಕಿಕ್ ಹೊಡೆಯುತ್ತಿದ್ದರು. ಬಗ್ಗಿ ನೋಡಿದ್ದು ನಾನು ಕಾಣೆ. ಅಮ್ಮ ಆ ಕಲೆಯನ್ನು ಬಿಟ್ಟು ಸ್ವಲ್ಪ ಈಚೆಗೆ ರಂಗೋಲಿ ಹಾಕುತ್ತಿದ್ದಳು. ಸ್ಕೂಟರ್ ಮಾರಿದ ಮೇಲೂ ಬಹಳ ಕಾಲ ಈಚೆಗೇ ಹಾಕುತ್ತಿದ್ದಳು.

ಇರಲಿ. ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ‘ಮಾಡಿಬಿಡಪ್ಪಾ’ ಅಂದೆ. ಅವನಿಗೆ ಎಲ್ಲಿಲ್ಲದ ಉತ್ಸಾಹ. ‘ಹೆಂಗೂ ಗೇರ್‌ಬಾಕ್ಸ್ ಇಳಿಸ್ತೀವಲ್ಲ ಸಾರ್, ಕ್ಲಚ್ ಪ್ಲೇಟ್ ಹಾಕ್ಸಿಬಿಡಿ.’ ಸರಿ. ‘ಹೆಂಗೂ ಕ್ಲಚ್ ಬಿಚ್ತೀವಲ್ಲ, ರಿಲೀಸ್ ಬೇರಿಂಗ್?’ ಅದೂ ಸರಿ. ‘ಹೆಂಗೂ ಗಾಡಿ ಮೇಲಿರತ್ತೆ, ಎಂಜಿನ್ ಮೌಂಟು, ಸಸ್ಪೆನ್ಷನ್ ಬುಶ್ಶು...’ ಈ ‘ಹೆಂಗೂ’ ಶುರುವಾದರೆ ಎಲ್ಲಿ ನಿಲ್ಲುತ್ತದೆ ಎನ್ನುವುದು ನನ್ನ ಬ್ಯಾಂಕಿಗಷ್ಟೇ ಗೊತ್ತು. ಫೋನ್ ಇಡುವ ಹೊತ್ತಿಗೆ ಸೀಲಿನ ಬೆಲೆ ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಬೇಕಾಯಿತು.

ತಿರುಗಿ ನೋಡಿದರೆ ಅಂಕಲ್ ನಿಂತಿದ್ದಾರೆ, ಕಂಕುಳಲ್ಲಿ ಪೇಪರ್. ಎಲ್ಲ ಕೇಳಿಸಿಕೊಂಡಿದ್ದರು. ಮುಖ ಸ್ವಲ್ಪ ಸಪ್ಪೆಯಾಗಿತ್ತು. ‘ಯಾವತ್ತು ತಗೊಂಡು ಹೋಗ್ತಾರೆ?’ ಅಂದರು.

‘ಸೋಮವಾರ, ಅಂಕಲ್.’

‘ಮಂಗಳವಾರ ಎಲೆಕ್ಷನ್ ರಿಸಲ್ಟು,’ ಅಂದರು. ‘ಅದೊಂದು ಮುಗೀಲಿ, ಇನ್ನೊಂದೆರಡು ದಿನ ತಡ್ಕೊಳ್ಳಿ. ಹೆಂಗೂ ಅವನು ಬರ್ತಾನಲ್ಲ, ನನ್ನ ಕಾರಿನ ಹಾರ್ನೂ ನೋಡಕ್ಕೆ ಹೇಳಿ.’